ನನ್ನ ಅತ್ತೆ ನೋಡಿದ್ದು ಸಮುದ್ರವಲ್ಲ

ಯಾವ ಹಡಗಿಗೆ ಎಷ್ಟು ಜನ ಹತ್ತಬಹುದು ಎಂದು ಅಪ್ಪಣೆ ಕೊಡುವ ಬಂದರು ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ದೂರನ್ನು ನೀವು ಮುಗಿಸಿಬಿಟ್ಟಿದ್ದೀರಿ. "ರಜಾ ಕಾಲದ ಸದರಿ ಪ್ರಯಾಣದಲ್ಲಿ ಜನರ ಸಂಖ್ಯೆ ಅನುಮತಿಸಿದ ಮಿತಿಯೊಳಗೇ ಇತ್ತು, ಅಲ್ಲದೆ ತಮ್ಮ ಕುಟುಂಬದ ಹಿರಿಯ ಪ್ರಯಾಣಿಕರೇ ಸಮುದ್ರವನ್ನು ಕಣ್ತುಂಬ ನೋಡಿದ್ದಾಗಿ ಹಡಗಿನ ಸಿಬ್ಬಂದಿಗೆ ತಿಳಿಸಿರುವುದರಿಂದ ಮುಂದಿನ ಕ್ರಮದ ಅಗತ್ಯ ಕಂಡುಬರುವುದಿಲ್ಲ" ಎಂದು ಉತ್ತರ ಕಳಿಸಿದ್ದೀರಿ. ಕಾಗದ ಚೆನ್ನಾಗಿದೆ, ಮೊಹರು ಚೆನ್ನಾಗಿದೆ. ಅದರಲ್ಲಿರುವ ಮಾತು ಮಾತ್ರ ಸುಳ್ಳು. ನನ್ನ ಅತ್ತೆ ಸಮುದ್ರ ನೋಡಲಿಲ್ಲ. ಗೋಡೆಗೆ ಹೊಡೆದಿದ್ದ ಟಿವಿ ನೋಡಿದರು. ಅದು ಟಿವಿ ಎಂದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೋ ಇಲ್ಲವೋ ಆ ಭಗವಂತನಿಗೇ ಗೊತ್ತು.

ನಾನು ಗಂಡನ ಜೊತೆ ಹಿಟ್ಟಿನ ಗಿರಣಿ ನಡೆಸುವವಳು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಕಚೇರಿಯವರಿಗೆ ಬರೆದು ಅಭ್ಯಾಸವಿಲ್ಲ. ಈ ಪತ್ರದ ಕಾಗುಣಿತವನ್ನು ಮಗಳು ತಿದ್ದಿಕೊಟ್ಟಿದ್ದಾಳೆ, ಸಿಟ್ಟನ್ನು ತಿದ್ದಲು ನಾನು ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟೂ ಅಷ್ಟೇನೂ ಉಳಿದಿಲ್ಲ, ಸಾಕಾಗಿದೆ ಅಷ್ಟೇ. ಮಗಳು ನಿಮ್ಮ ಕಚೇರಿಗೆ ಫೋನು ಮಾಡಿ ಮಾಡಿ, ಆ ಕಡೆಯಿಂದ ಬರುವ ಹಾಡು ನಮ್ಮ ಮನೆಯವರಿಗೆಲ್ಲ ಬಾಯಿಪಾಠವಾಗಿದೆ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೆ ಐದನೆಯವರಾಗಿ ನೀವೂ ಓದಬಹುದು.

ಅತ್ತೆಯ ಕಣ್ಣು ಹೋಗುತ್ತಿದೆ. ನೇರ ನೋಡಿದರೆ ನಡುವೆ ಮಸಿ ಬಳಿದ ಹಾಗೆ, ಸುತ್ತ ಅಂಚಿನಲ್ಲಿ ಮಾತ್ರ ಬೆಳಕು, ಬಣ್ಣ, ಆಡುವ ನೆರಳು. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯ ಕಡೆ ತಿರುಗುತ್ತಾರೆ. ಕಣ್ಣಿನ ಡಾಕ್ಟರು, "ಇರೋದನ್ನ ಇನ್ನೊಂದು ವರ್ಷ ಉಳಿಸ್ಕೊಂಡ್ರೆ ದೊಡ್ಡದು ತಾಯಿ, ಏನೇನು ನೋಡಬೇಕೋ ನೋಡಿಬಿಡಿ" ಎಂದರು. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಅತ್ತೆ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ಹೇಳಿದರು: "ಹಾಗಾದ್ರೆ ನಿಮ್ಮ ಮಾವ ಹೇಳ್ತಿದ್ದ ಜಾಗ ನೋಡ್ಕೊಂಡು ಬಂದುಬಿಡೋಣ."

ನಮ್ಮ ಮಾವ ಸರಕು ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಎತ್ತುವವರಾಗಿದ್ದರು. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಮನೆಗೆ ಬಂದಾಗಲೆಲ್ಲ ಒಂದೇ ಮಾತು. ನಡು ಸಮುದ್ರದಲ್ಲಿ ಒಂದು ಜಾಗ ಬರುತ್ತದಂತೆ, ಯಾವ ದಿಕ್ಕಿಗೆ ತಿರುಗಿದರೂ ದಡವಿಲ್ಲ, ಹಕ್ಕಿಯೂ ಇಲ್ಲ. ಅಲ್ಲಿ ನಿಂತರೆ ದೇವರು ಲೋಕ ಮಾಡಲು ಕೂತ ಮೊದಲ ದಿನ ಹೇಗಿತ್ತು ಎಂದು ತಿಳಿಯುತ್ತದಂತೆ. "ಒಂದ್ಸಲ ನಿನ್ನನ್ನ ಕರ್ಕೊಂಡು ಹೋಗ್ತೀನಿ ಕಣೇ" ಎನ್ನುತ್ತಲೇ ತೀರಿಕೊಂಡರು. "ಸಮುದ್ರ ನೋಡಬೇಕಿದ್ದರೆ ಯಾವುದಾದರೂ ದಂಡೆಗೆ ಹೋಗಬಹುದಿತ್ತಲ್ಲ" ಎಂದು ನಿಮ್ಮ ಗುಮಾಸ್ತರು ಫೋನಿನಲ್ಲಿ ಮಗಳಿಗೆ ಬುದ್ಧಿ ಹೇಳಿದರು. ಹೋಗಬಹುದಿತ್ತು ಸ್ವಾಮಿ. ದಂಡೆಯಲ್ಲಿ ದಡ ಇರುತ್ತದೆ.

ಮಗಳು ಕೆಲಸ ಮಾಡುವ ಬಟ್ಟೆ ಕಾರ್ಖಾನೆಗೆ ರಜೆ ಸಿಗುವುದು ಮಕ್ಕಳ ಶಾಲೆ ಮುಚ್ಚುವ ಹೊತ್ತಿನಲ್ಲೇ. ಆದ್ದರಿಂದ ಎಲ್ಲರೂ ಹೋಗುವಾಗಲೇ ನಾವೂ ನಡು ಸಮುದ್ರ ಸುತ್ತಿಸಿ ತರುವ ಪ್ರವಾಸಿ ಹಡಗಿಗೆ ಟಿಕೆಟು ಮಾಡಿಸಿ ಹೊರಟೆವು: ಅತ್ತೆ, ನಮ್ಮ ಯಜಮಾನರು, ಮಗಳು, ನಾನು. ಕಿಟಕಿ ಇರುವ ಕೋಣೆಗೆ ಬಹಳ ಮೊದಲೇ ಹೇಳಿ ಇಟ್ಟಿದ್ದೆವು. ಹಡಗು ಹತ್ತುವ ಕಡೆ ಕೂತಿದ್ದ ಹುಡುಗಿ ಕಂಪ್ಯೂಟರು ನೋಡಿ, "ಸೀಸನ್ ಅಲ್ವಾ ಆಂಟಿ, ದೊಡ್ಡ ದೊಡ್ಡ ಕುಟುಂಬಗಳು ಬಂದಿವೆ, ನಿಮಗೆ ಒಳಗಡೆ ರೂಮು ಕೊಟ್ಟಿದ್ದೀವಿ" ಎಂದಳು.

"ಕಿಟಕಿ?" ಎಂದೆ.

"ಅದರಲ್ಲೂ ಸಮುದ್ರ ಕಾಣತ್ತೆ ಆಂಟಿ, ಚಿಂತೆ ಮಾಡ್ಬೇಡಿ."

ಕಂಡಿತು. ಪರದೆ ಸರಿಸಿದರೆ ಕಿಟಕಿಯ ಅಳತೆಯ ಒಂದು ಗಾಜು, ಅದರಲ್ಲಿ ನೀಲಿ ನೀರು ಏಳುತ್ತಿದೆ, ಬೀಳುತ್ತಿದೆ. ನಾನು ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು, ಮನೆಯ ಟಿವಿ ತುಂಬ ಹೊತ್ತು ಓಡಿದ ಮೇಲೆ ಇರುತ್ತದಲ್ಲ ಹಾಗೆ. ಅಷ್ಟರಲ್ಲಿ ಅತ್ತೆ ಮಂಚದ ತುದಿಗೆ ಬಂದು ಕೂತಿದ್ದರು. ಕತ್ತು ಓರೆ ಮಾಡಿ, ಕಣ್ಣಂಚಿನಿಂದ ನೋಡಿ, ಎರಡೂ ಕೈ ಜೋಡಿಸಿದರು. "ಅಬ್ಬಾ, ಎಷ್ಟು ಹತ್ತಿರ!" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋದರು. ಆ ಬಚ್ಚಲಿನಲ್ಲಿ ಇಬ್ಬರು ಗುಟ್ಟು ಮಾತಾಡಬೇಕಾದರೆ ಒಬ್ಬರು ಕಮೋಡಿನ ಮೇಲೆ ಕೂರಲೇಬೇಕು. ಅವರು ಕೂತರು.

"ಈಗ್ಲೇ ಹೇಳ್ಬೇಡ ಮಾರಾಯ್ತಿ."

"ದೇವರು ಮೆಚ್ತಾನೇನ್ರಿ? ಟಿವಿಗೆ ಕೈ ಮುಗೀತಿದ್ದಾರೆ ನಿಮ್ಮಮ್ಮ."

"ನಾಳೆ ಬೆಳಿಗ್ಗೆ ಮೇಲಕ್ಕೆ ಕರ್ಕೊಂಡು ಹೋಗಿ ನಿಜವಾದ್ದೇ ತೋರಿಸಿದ್ರೆ ಆಯ್ತಲ್ಲ. ಅದನ್ನ ನೋಡಿದ ಮೇಲೆ ಇದನ್ನ ಯಾರು ಕೇಳ್ತಾರೆ?"

ನ್ಯಾಯವಾದ ಮಾತೇ. ಇಷ್ಟು ದೊಡ್ಡ ಹಡಗು, ಸುತ್ತ ಸಮುದ್ರವೇ ಸಮುದ್ರ, ಒಬ್ಬ ಮುದುಕಿಗೆ ಅದನ್ನು ತೋರಿಸುವುದು ಯಾವ ಮಹಾ ಕೆಲಸ ಎಂದುಕೊಂಡೆವು. ನೀವು ಅನುಮತಿಸಿದ ಮಿತಿಯ ಪರಿಚಯ ಆಗಿನ್ನೂ ನಮಗೆ ಆಗಿರಲಿಲ್ಲ.

ಮರುದಿನ ಲಿಫ್ಟಿನ ಮುಂದೆ ನಿಂತೆವು. ಬಂದ ಲಿಫ್ಟುಗಳೆಲ್ಲ ತುಂಬಿ ಬಂದವು, ತುಂಬಿ ಹೋದವು. ಒಳಗಿದ್ದವರು ನಮ್ಮನ್ನು ನೋಡಿ ಮುಖ ಸಣ್ಣ ಮಾಡುವುದು, ಬಾಗಿಲು ಮುಚ್ಚಿಕೊಳ್ಳುವುದು. ಕೊನೆಗೆ ಮೆಟ್ಟಿಲಲ್ಲಿ ಹತ್ತಿಸಿದೆವು. ಅತ್ತೆ ಕೋಲೂರಿ, ನನ್ನ ಭುಜ ಹಿಡಿದು, ಪ್ರತಿ ತಿರುವಿನಲ್ಲಿ ದೇವರನ್ನು ನೆನೆದು ಹತ್ತಿದರು. ಮೇಲೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಈಜುಕೊಳದಲ್ಲಿ ನೀರು ಕಾಣುತ್ತಿರಲಿಲ್ಲ, ತಲೆಗಳು ಕಾಣುತ್ತಿದ್ದವು. ಎಷ್ಟೋ ಕುರ್ಚಿಗಳಲ್ಲಿ ಮನುಷ್ಯರೇ ಇರಲಿಲ್ಲ, ಟವೆಲುಗಳು ಮಲಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಒಂದನ್ನು ಸರಿಸಿ ಅತ್ತೆಯನ್ನು ಕೂರಿಸಿದ್ದೇ ತಡ, ಎಲ್ಲಿಂದಲೋ ಒಬ್ಬ ಹೆಂಗಸು ಪ್ರತ್ಯಕ್ಷಳಾದಳು.

"ಇದು ನಮ್ಮನೆಯವರ ಸೀಟು."

"ನಿಮ್ಮನೆಯವರು ಎಲ್ಲಿದ್ದಾರಮ್ಮ?"

"ತಿಂಡಿಗೆ ಸಾಲಲ್ಲಿ ನಿಂತಿದ್ದಾರೆ. ನಿನ್ನೆಯಿಂದ ಕಾದು ಹಿಡಿದಿರೋ ಜಾಗ ಇದು, ಬಿಟ್ಟುಕೊಡಿ."

ಅವಳ ಕಣ್ಣಲ್ಲಿ ನೀರಿತ್ತು ಮಾನ್ಯರೇ. ರಜೆಗೆಂದು ಬಂದ ಹೆಂಗಸು ಒಂದು ಕುರ್ಚಿಗೆ ಅಳುವ ಸ್ಥಿತಿಯಲ್ಲಿದ್ದಳು. ಅತ್ತೆ ತಾವಾಗಿಯೇ ಎದ್ದುಬಿಟ್ಟರು.

ಸಮುದ್ರ ನೋಡಲು ಹಡಗಿನ ಅಂಚಿಗೆ ಹಾಕಿದ್ದ ಕಂಬಿ ಕಟಕಟೆಯ ಹತ್ತಿರ ಹೋದರೆ ಜನ ಸಾಲುಸಾಲಾಗಿ ಒತ್ತಿ ನಿಂತಿದ್ದರು. ಮುಂದಿನವರ ಹೆಗಲ ಮೇಲೆ ಮಕ್ಕಳು, ಮಕ್ಕಳ ಕೈಯಲ್ಲಿ ಮೊಬೈಲು. "ಸ್ವಲ್ಪ ಜಾಗ ಕೊಡಿಪ್ಪ, ಅಜ್ಜಿಗೆ ಕಣ್ಣು ಮಂಜು" ಎಂದು ಯಜಮಾನರು ಬೇಡಿಕೊಂಡರು. ಒಬ್ಬ ದಢೂತಿ ಮನುಷ್ಯ ತಿರುಗದೆಯೇ ಹೇಳಿದ: "ಕಣ್ಣು ಮಂಜಾದ ಮೇಲೆ ಮುಂದೆ ನಿಂತರೇನು, ಹಿಂದೆ ನಿಂತರೇನು?" ಅಕ್ಕಪಕ್ಕದ ನಾಲ್ಕು ಜನ ನಕ್ಕರು. ನಮ್ಮ ಯಜಮಾನರು ಜೋಳದ ಮೂಟೆ ಎತ್ತುವವರು, ಆ ಕೈ ಮುಷ್ಟಿಯಾಗುವುದನ್ನು ನೋಡಿ ನಾನೇ ಹಿಡಿದುಕೊಂಡೆ. ಅತ್ತೆ ಆ ಬೆನ್ನುಗಳ ಗೋಡೆಯ ಮುಂದೆ ನಿಂತು, "ಏನೇ ಇದು, ಏನಾದರೂ ಹಂಚ್ತಿದ್ದಾರಾ?" ಎಂದು ಕೇಳಿದರು. ಆಮೇಲೆ ಅವರು ಹೇಳಿದ ಮಾತು ಇನ್ನೂ ನನ್ನ ಎದೆಯಲ್ಲಿ ಕೂತಿದೆ. "ನಡಿಯೇ ತಾಯಿ, ಈ ನೂಕುನುಗ್ಗಲು ಯಾಕೆ ಬೇಕು? ನಮ್ಮ ರೂಮಲ್ಲೇ ಚೆನ್ನಾಗಿ ಕಾಣತ್ತಲ್ಲ."

ಪ್ರತಿದಿನವೂ ಹತ್ತಿಸಿದೆವು, ಪ್ರತಿದಿನವೂ ಇಳಿಸಿದೆವು. ಒಂದು ದಿನ ನಸುಕಿನಲ್ಲೇ ಹೋದರೆ ನೆಲ ತೊಳೆಯುತ್ತಿದ್ದರು, ಹಗ್ಗ ಕಟ್ಟಿ ದಾರಿ ಮುಚ್ಚಿದ್ದರು. ಹಗ್ಗ ಬಿಚ್ಚುವ ಹೊತ್ತಿಗೆ ಟವೆಲುಗಳ ಸೈನ್ಯ ನಮ್ಮ ಬೆನ್ನ ಹಿಂದೆ ಸಿದ್ಧವಾಗಿ ನಿಂತಿತ್ತು. ಇನ್ನೊಂದು ದಿನ ಅತ್ತೆಗೆ ಮೊಣಕಾಲು ಊದಿ ಮೆಟ್ಟಿಲು ಹತ್ತಲಾಗಲಿಲ್ಲ. ಕೊನೆಯ ದಿನ ಹೇಗೋ ಕಟಕಟೆ ಮುಟ್ಟಿಸಿದಾಗ ಎದುರಿಗೆ ಬಂದರು ಕಾಣುತ್ತಿತ್ತು. ದಡ ಬಂದುಬಿಟ್ಟಿತ್ತು.

ಈಗ ನಿಮ್ಮ ಮಿತಿಯ ವಿಷಯಕ್ಕೆ ಬರುತ್ತೇನೆ. ಆ ಮಿತಿಯನ್ನು ಯಾವುದರಿಂದ ಅಳೆದಿರಿ ಎಂದು ಮಗಳು ಕೇಳಿದ್ದಕ್ಕೆ ಮಂಚಗಳ ಲೆಕ್ಕ ಎಂದು ಉತ್ತರ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದರು. ಹಾಸಿಗೆ ಇದ್ದಷ್ಟು ಜನ ತುಂಬು ಎಂದು ನೀವು ತಿದ್ದಿದ್ದೀರಿ. ಹಾಸಿಗೆ ಸಾಲದಿದ್ದರೆ ಛಾವಣಿಯಿಂದ ಇಳಿಸುತ್ತಾರೆ, ಸೋಫಾದ ಹೊಟ್ಟೆಯಿಂದ ಎಳೆಯುತ್ತಾರೆ. ಕಟಕಟೆಯನ್ನು ಎಲ್ಲಿಂದ ಎಳೆಯುತ್ತೀರಿ? ಮನುಷ್ಯ ಹಡಗು ಹತ್ತುವುದು ಮಲಗುವುದಕ್ಕೇ ಏನು? ಮಲಗುವುದಕ್ಕೆ ನಮ್ಮ ಮನೆಯಲ್ಲಿ ಜಾಗವಿತ್ತಲ್ಲ! ಎಲ್ಲರೂ ಒಟ್ಟಿಗೆ ಎದ್ದರೆ ಎಲ್ಲಿ ನಿಲ್ಲುತ್ತಾರೆ ಎಂದು ಅಪ್ಪಣೆ ಕೊಡುವಾಗ ಯಾರೂ ಕೇಳಲಿಲ್ಲವೇ? ಬೆಂಕಿಗಿಂಕಿ ಬಿದ್ದರೆ ಆ ಮೆಟ್ಟಿಲಿನಲ್ಲಿ ಮೊಣಕಾಲು ಊದಿದ ಅತ್ತೆಯನ್ನು ಹೇಗೆ ಇಳಿಸಬೇಕಿತ್ತು ಎಂದು ನಾನು ಯೋಚಿಸಲು ಹೋಗುವುದಿಲ್ಲ. ಯೋಚಿಸಿದ ದಿನ ನಿದ್ದೆ ಬರುವುದಿಲ್ಲ. ಅದು ನಿಮ್ಮ ಕೆಲಸ, ದಯವಿಟ್ಟು ನೀವೇ ಯೋಚಿಸಿ.

ಆ ಟವೆಲಿನ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೂ ನನ್ನ ಮಗಳಿಗೂ ಒಂದೇ ವಾರ ರಜೆ. ಸಾಲು ಸಾಲು ಎಂದು ಕೂಗಿ ಗಂಟಲು ಬಿದ್ದಿದ್ದ ಊಟದ ಮನೆಯವರ ಮೇಲೂ ಇಲ್ಲ, ಅವರ ಪಾದ ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು. ಆ ದಢೂತಿಯ ಮೇಲೆ ಸ್ವಲ್ಪ ಇದೆ, ಅವನಿಗೂ ದೇವರು ಒಳ್ಳೆಯದು ಮಾಡಲಿ. ಮನುಷ್ಯರನ್ನು ಉಸಿರಾಡಲು ಆಗದಷ್ಟು ತುಂಬಿದರೆ ಮೊದಲು ಸಾಯುವುದು ಅವರೊಳಗಿನ ದಯೆ. ಅದಕ್ಕೆ ತುಂಬಿದವರನ್ನು ಕೇಳಬೇಕು, ತುಂಬಿಸಿಕೊಂಡವರನ್ನಲ್ಲ.

ಇನ್ನು ನಿಮ್ಮ ಸಾಕ್ಷಿ. ಇಳಿಯುವ ಮೊದಲು ಪ್ರಯಾಣ ಹೇಗಿತ್ತು ಎಂದು ಕೇಳಲು ಹಡಗಿನವಳೇ ಒಬ್ಬಳು ಹುಡುಗಿ ಹಲಗೆಯಂಥ ಮೊಬೈಲು ಹಿಡಿದು ಬಂದಳು. "ಅಜ್ಜಿ, ಸಮುದ್ರ ನೋಡಿದ್ರಾ?" ಎಂದಳು. "ಕಣ್ತುಂಬ ನೋಡಿದೆ ಮಗಳೇ, ಮಂಚದಿಂದಲೇ ನೋಡಿದೆ" ಎಂದರು ಅತ್ತೆ. ಹುಡುಗಿ ನಗುವ ಮುಖವೊಂದನ್ನು ಒತ್ತಿ ಪಕ್ಕದವರ ಕಡೆ ಹೋದಳು. ಒಳಗಿನ ಕೋಣೆಯಲ್ಲಿದ್ದ ಮುದುಕಿ ಮಂಚದಿಂದ ಯಾವ ಸಮುದ್ರ ನೋಡಿದಳು ಎಂದು ಅವಳಿಗೆ ಹೊಳೆಯಲಿಲ್ಲ, ಸಣ್ಣವಳು. ನಿಮಗೂ ಹೊಳೆಯಲಿಲ್ಲವೇ?

ಈ ಪತ್ರ ಅಚ್ಚಾಗುವ ಮೊದಲು ಅತ್ತೆಗೆ ನಿಜ ಹೇಳಲೇಬೇಕಾಯಿತು. ಬೆಳಿಗ್ಗೆ ಅವರಿಗೆ ಪೇಪರು ಓದಿ ಹೇಳುವುದು ಯಜಮಾನರ ಪದ್ಧತಿ. ಪರರ ಬಾಯಿಂದ ಅಥವಾ ಪೇಪರಿನಿಂದ ತಿಳಿಯುವುದಕ್ಕಿಂತ ಸೊಸೆಯಿಂದ ತಿಳಿಯಲಿ ಎಂದು, ಮೊನ್ನೆ ಅವರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಸುಲಿಯುವ ಕೈ ನಿಂತಿತು.

"ಟಿವಿನಾ?"

"ಹೌದು ಅತ್ತೆ."

ಸುಲಿದ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಿವಿಯ ಕಡೆ ಮುಖ ತಿರುಗಿಸಿ, ಮಗು ತಪ್ಪು ಮಾಡಿ ಕೇಳುವ ಹಾಗೆ ಮೆಲ್ಲಗೆ ಕೇಳಿದರು: "ದಿನಾ ಸಂಜೆ ದೇವರ ಮುಂದೆ ಕೂತಾಗ ನಿಮ್ಮ ಮಾವನಿಗೆ ಹೇಳ್ತಾ ಇದ್ದೀನಲ್ಲೇ, ನೀವು ಹೇಳಿದ ಜಾಗ ನೋಡಿಬಂದೆ ಅಂತ. ಈಗ ಏನಂತ ಹೇಳ್ಲಿ?"

ಅಂದಿನಿಂದ ಅವರು ಸಂಜೆ ದೇವರ ಮುಂದೆ ಕೂರುತ್ತಾರೆ, ಮಾತಾಡುವುದಿಲ್ಲ.

ಮಾನ್ಯರೇ, ನಮಗೆ ಪರಿಹಾರ ಬೇಡ, ಕ್ಷಮಾಪಣೆಯೂ ಬೇಡ. ಮುಚ್ಚಿದ ದೂರನ್ನು ತೆರೆಯಿರಿ. "ಕಣ್ತುಂಬ ನೋಡಿದ್ದಾಗಿ" ಎಂಬ ಮಾತನ್ನು ಹೊಡೆದುಹಾಕಿ. ಬರುವ ರಜೆಗೆ ಅಪ್ಪಣೆ ಕೊಡುವ ಮೊದಲು ಮಂಚಗಳನ್ನು ಬಿಟ್ಟು ಮೆಟ್ಟಿಲು, ಕುರ್ಚಿ, ಕಟಕಟೆ ಅಳೆಯಿರಿ. ಅಳೆಯಲು ನೀವೇ ಹೋಗಿ, ಸೀಸನ್ನಿನಲ್ಲಿ ಹೋಗಿ, ನಿಮ್ಮ ತಾಯಿಯನ್ನೂ ಕರೆದುಕೊಂಡು ಹೋಗಿ. ಮತ್ತು ಶಾಲೆಗಳು ನಡೆಯುವ ಕಾಲದಲ್ಲಿ, ಹಡಗು ಅರ್ಧ ಖಾಲಿ ಹೋಗುವ ಯಾವುದಾದರೂ ಒಂದು ಪ್ರಯಾಣದಲ್ಲಿ, ನನ್ನ ಅತ್ತೆಗೆ ಕಟಕಟೆಯ ಹತ್ತಿರ ಒಂದು ಕುರ್ಚಿ ಕೊಡಿಸಿ. ಗಿರಣಿ ಮುಚ್ಚಿ ನಾನು ಜೊತೆಗೆ ಬರುತ್ತೇನೆ, ನಿಂತೇ ಇರುತ್ತೇನೆ.

ಬೇಗ ಆಗಬೇಕು. ನಿಮ್ಮ ಮುಂದಿನ ಉತ್ತರ ಹಿಂದಿನದರಷ್ಟೇ ನಿಧಾನವಾದರೆ, ಅದು ಬಂದಾಗ ಅತ್ತೆಗೆ ಟಿವಿಯೂ ಕಾಣುವುದಿಲ್ಲ. ಸತ್ತ ಗಂಡನಿಗೆ ಅವರು ಹೇಳಿದ ಮಾತನ್ನು ನಿಜ ಮಾಡುವ ಶಕ್ತಿ ಈಗ ದೇವರನ್ನು ಬಿಟ್ಟರೆ ನಿಮ್ಮ ಕೈಯಲ್ಲಿದೆ. ದೇವರಿಗೆ ದಿನವೂ ಹೇಳುತ್ತಿದ್ದೇನೆ. ನಿಮಗೆ ಇದೊಂದು ಸಲ ಹೇಳಿದ್ದೇನೆ.

ಇಂತಿ,
ನಿಮ್ಮ ಮಿತಿಯೊಳಗೆ ಹೇಗೋ ಹಿಡಿಸಿ ಬಂದ
ಗಿರಣಿಯವರ ಮನೆ ಸೊಸೆ