ಮಾನ್ಯಾಳ ಹಾಜರಿ

ಜನವರಿ 23, 2024. ಮಂಗಳವಾರ. ಬೆಳಿಗ್ಗೆ 8.40

ವಿಯೆನ್ನಾ ಸ್ಟೇಷನ್ ಪಾರ್ಕಿಂಗ್. ಕಾರಿನಲ್ಲೇ ಕೂತು ಸ್ಕೂಲಿನ ಪೇರೆಂಟ್ ಪೋರ್ಟಲ್ ತೆಗೆದೆ. ಫಸ್ಟ್ ಪೀರಿಯಡ್ — ಪ್ರೆಸೆಂಟ್. ಸರಿ. ಮಗಳು ಎದ್ದಿದ್ದಾಳೆ, ಬಸ್ ಹಿಡಿದಿದ್ದಾಳೆ, ಕ್ಲಾಸಿನಲ್ಲಿ ಕೂತಿದ್ದಾಳೆ. ಇನ್ನು ಟ್ರೇನ್ ಹತ್ತಬಹುದು.

ಅವಳು ಮನೆ ಬಿಟ್ಟು ಐದು ತಿಂಗಳು. ಫೋನಿಲ್ಲ, ಮೆಸೇಜಿಲ್ಲ. ಈ ಹಸಿರು ಟಿಕ್ ಒಂದೇ.

ಜನವರಿ 27. ಶನಿವಾರ

ಶೆರಿಫ್ ಆಫೀಸಿನವನು ಬಂದು ಕೋರ್ಟಿನ ಕಾಗದ ಕೊಟ್ಟು ಹೋದ. ಹ್ಯಾವ್ ಎ ಗುಡ್ ಡೇ ಅಂದ, ಪಾಪ.

ಮಗಳು ಹಾಕಿದ ಅರ್ಜಿ. ಎಮ್ಯಾನ್ಸಿಪೇಷನ್ ಅಂತೆ. ಮಾನ್ಯಾಗೆ ಇನ್ನೂ ಹದಿನಾರು. ಹದಿನೆಂಟು ತುಂಬುವ ಮೊದಲೇ ತನ್ನನ್ನು ದೊಡ್ಡವಳೆಂದು ಕೋರ್ಟು ಒಪ್ಪಬೇಕಂತೆ. ಒಪ್ಪಿದರೆ ಸ್ಕೂಲು, ಡಾಕ್ಟರು, ಎಲ್ಲಿಯೂ ನನ್ನ ಸಹಿ ಬೇಕಿಲ್ಲ. ಬೇರೆ ಇರುವುದಕ್ಕೆ ತಂದೆಯ ಒಪ್ಪಿಗೆ ಇದೆಯೇ? ತನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆಯೇ? ಜಡ್ಜು ಮುಖ್ಯವಾಗಿ ಕೇಳುವುದು ಇವೆರಡು.

ಮೈಯೆಲ್ಲ ಉರಿಯಿತು. ಆಮೇಲೆ ಆಗಸ್ಟ್ ನೆನಪಾಯಿತು. ಅವಳು ಆಸೆಪಟ್ಟು ತೆಗೆದುಕೊಂಡಿದ್ದ ಪಾಟರಿ ಕ್ಲಾಸ್ ತೆಗೆಸಿ, ಕಂಪ್ಯೂಟರ್ ಸೈನ್ಸ್ ಹಾಕಿಸಿದೆ. ಸ್ಕೂಲಿನ ಕೌನ್ಸೆಲರಿಗೆ ಇಮೇಲ್ ಹೋಗಿದ್ದು ಅವಳ ಅಕೌಂಟಿನಿಂದ, ಅವಳ ಹೆಸರಲ್ಲಿ. ಪಾಸ್‌ವರ್ಡ್ ಇಟ್ಟುಕೊಟ್ಟವನು ನಾನೇ ತಾನೆ. ಗೊತ್ತಾದ ದಿನ ಕೂಗಾಡಿದಳು. ನನ್ನ ಮನೇಲಿ ನನ್ನ ಮಾತೇ ನಡೆಯೋದು, ಆಗದಿದ್ರೆ ಬಾಗಿಲು ತೆಗೆದೇ ಇದೆ ಅಂದೆ. ಹೋದಳು.

ಈಗ ಇರುವುದು ಪ್ರತಿಭಾ ಅವರ ಬೇಸ್‌ಮೆಂಟ್ ರೂಮಿನಲ್ಲಿ. ನನ್ನ ಹೆಂಡತಿ ಅಲಮೇಲುವಿನ ಗೆಳತಿ, ಹುಬ್ಬಳ್ಳಿ ಕಡೆಯವರು. ಮಾನ್ಯಾ ಸಂಜೆ ಬೇಕರಿಯಲ್ಲಿ ಕೆಲಸ ಮಾಡಿ ಬಾಡಿಗೆ ಕೊಡುತ್ತಾಳಂತೆ. ಪಾಟರಿ ಕ್ಲಾಸನ್ನೂ ತಾನೇ ಹೋಗಿ ವಾಪಸ್ ಹಾಕಿಸಿಕೊಂಡಿದ್ದಾಳೆ. ಪೋರ್ಟಲ್‌ನಲ್ಲಿ ನೋಡಿದೆ. ನೂರಕ್ಕೆ 97 ಅಂಕ.

ಅಲಮೇಲು ಇದ್ದಿದ್ದರೆ... ಅವಳು ತೀರಿಹೋಗಿ ಮೂರು ವರ್ಷ. ಆಮೇಲೆ ಈ ಮನೆಯಲ್ಲಿ ನಾನು ಫಾರ್ಮ್ ತುಂಬಿದ್ದೇ ತುಂಬಿದ್ದು. ಮಗಳ ಜೊತೆ ಮಾತಾಡಿದ್ದು ಕಡಿಮೆ.

ಫೆಬ್ರವರಿ 8. ಗುರುವಾರ. 8.40

ಆಬ್ಸೆಂಟ್.

9.20

ಇನ್ನೂ ಆಬ್ಸೆಂಟ್. ಮೂರು ಟ್ರೇನ್ ಬಿಟ್ಟೆ. ಅನ್‌ಎಕ್ಸ್‌ಕ್ಯೂಸ್ಡ್ ಎಂದು ಕೆಂಪಗೆ ಬಂದಿದೆ. ರೆಕಾರ್ಡಿನಲ್ಲಿ ಉಳಿದುಬಿಡುತ್ತಲ್ಲ... ಕೈ ಸುಮ್ಮನಿರಲಿಲ್ಲ. ಪೋರ್ಟಲ್‌ನಲ್ಲೇ ಫಾರ್ಮ್ ತುಂಬಿದೆ — ಜ್ವರ, ಮನೆಯಲ್ಲಿ ಮಲಗಿದ್ದಾಳೆ. ಇಂತಿ ತಂದೆ. ಕೆಂಪು ಹೋಯಿತು.

ಮಧ್ಯಾಹ್ನ 1.15

ಆಫೀಸಿಗೆ ಹೋಗಲಿಲ್ಲ. ನಿಜವಾಗಿಯೂ ಜ್ವರ ಬಂದಿದ್ದರೆ? ಟೈಲೆನಾಲ್ ಕೊಂಡೆ. ಬರೆದ ಸುಳ್ಳಿಗೆ ನಾನೇ ಔಷಧಿ ತಂದಿದ್ದೇನೆ. ಪ್ರತಿಭಾ ಅವರ ಮನೆ ಮುಂದೆ ಅರ್ಧ ಗಂಟೆ ಕಾರು ನಿಲ್ಲಿಸಿಕೊಂಡಿದ್ದೆ. ಬೆಲ್ ಮಾಡುವ ಧೈರ್ಯ ಬರಲಿಲ್ಲ.

ಫೆಬ್ರವರಿ 9. 8.40

ಪ್ರೆಸೆಂಟ್. ಟೈಲೆನಾಲ್ ಕಾರಿನಲ್ಲೇ ಇದೆ.

ಫೆಬ್ರವರಿ 22. ಗುರುವಾರ

ಕೋರ್ಟಿನವರು ಮಾನ್ಯಾಗೆಂದು ನೇಮಿಸಿದ ವಕೀಲೆ ಮನೆಗೆ ಬಂದಿದ್ದರು. ಕಾಫಿ ಕೊಟ್ಟೆ. ಅವಳ ಸ್ಕೂಲಿನ ವಿಷಯ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನಾನೇ, ದಿನಾ ನೋಡ್ತೀನಿ ಅಂದೆ, ಜಂಬದಿಂದ. ಬರೆದುಕೊಂಡರು.

ಆಮೇಲೆ ಎಂಟನೇ ತಾರೀಖಿನ ಮಾತು ತೆಗೆದರು. ಅವತ್ತು ಮಾನ್ಯಾ ಅವರ ಆಫೀಸಿಗೇ ಹೋಗಿದ್ದಳಂತೆ. ಮರುದಿನ ಸ್ಕೂಲಿಗೆ ತಾನೇ ಹಾಗೆಂದು ಚೀಟಿ ಬರೆದುಕೊಟ್ಟಿದ್ದಾಳೆ. ಅಲ್ಲಿ ನೋಡಿದರೆ ತಂದೆಯ ಚೀಟಿ ಆಗಲೇ ಇದೆ, ಜ್ವರ ಅಂತ. ಮಗಳು ಹೇಳಿದ್ದು ಸುಳ್ಳೋ, ತಂದೆಯೇ ಇನ್ನೂ ಎಲ್ಲ ನಡೆಸುತ್ತಿದ್ದಾರೋ, ಜಡ್ಜು ಕೇಳುತ್ತಾರೆ ಅಂದರು.

ಅವರು ಹೋದ ಮೇಲೆ ಹೊಳೆಯಿತು. ಹೌದು, ಎಲ್ಲ ನಾನೇ ನಡೆಸುತ್ತಿದ್ದೇನೆ ಎಂದುಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಮಗಳು ಮನೆಗೆ ಬರಬೇಕಾಗುತ್ತದೆ.

ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ಖುಷಿಯೇ ಆಯಿತು. ಎರಡು ಲೋಟ ಅಕ್ಕಿ ಇಟ್ಟೆ, ಒಬ್ಬನಿಗೆ.

ಮಾರ್ಚ್ 3. ಭಾನುವಾರ

ಮಾನ್ಯಾಳ ರೂಮ್ ಗುಡಿಸಿದೆ. ಹೊಸ ಬೆಡ್‌ಶೀಟ್ ಹಾಕುತ್ತಿದ್ದಾಗ ಪ್ರತಿಭಾ ಬಂದರು. ಬಾಗಿಲಲ್ಲೇ ನಿಂತು ಎಲ್ಲ ನೋಡಿದರು. ಅರ್ಥವಾಯಿತು ಅವರಿಗೆ.

“ಅಣ್ಣಾರ, ಕೋರ್ಟ್ ಹೇಳಿದ್ರ ಅಕಿ ಬರ್ತಾಳ್ರಿ. ಬಂದು ಈ ಬಾಗಲಾ ಹಾಕ್ಕೊಂಡು ಕೂಡ್ತಾಳ. ಹದಿನೆಂಟ ತುಂಬಿದ ದಿನಾ ಎದ್ದು ಹೊಕ್ಕಾಳ. ಆಮ್ಯಾಲ ನನ್ನ ಮನಿಗೂ ಬರಂಗಿಲ್ಲ, ನಿಮಗ ಎಲ್ಲಿ ಅದಾಳಂತನೂ ಗೊತ್ತಾಗಂಗಿಲ್ಲ.”

ನನಗೆ ರೇಗಿತು. ಹೊರಡಿ ಅಂದೆ. ಹೊರಟರು. ಬೆಡ್‌ಶೀಟ್ ಅರ್ಧ ಹಾಕಿದ್ದು ಹಾಗೇ ಇದೆ.

ಮಾರ್ಚ್ 13. 8.40

ಪ್ರೆಸೆಂಟ್. ಕೋರ್ಟು ನಾಳೆ. ಒಪ್ಪಿದರೆ ಈ ಪೋರ್ಟಲ್ಲೂ ಹೋಗುತ್ತದೆ, ಸ್ಕೂಲಿಗೆ ಫೋನ್ ಮಾಡಿ ಕೇಳಿದೆ. ಅವಳು ಬದುಕಿದ್ದಾಳೆ ಎಂದು ನನಗೆ ಗೊತ್ತಾಗುವುದು ಇದೊಂದರಿಂದ. ಇದನ್ನೂ ಕೊಟ್ಟು ನಾನು ಏನು ಮಾಡಲಿ.

ಮಾರ್ಚ್ 14. ಗುರುವಾರ

ಮಾನ್ಯಾ ಅಲಮೇಲುವಿನ ನೀಲಿ ಸ್ವೆಟರ್ ಹಾಕಿಕೊಂಡಿದ್ದಳು. ಉಗುರಿನ ಸಂದಿಯಲ್ಲಿ ಜೇಡಿಮಣ್ಣು. ನನ್ನ ಕಡೆ ನೋಡಲಿಲ್ಲ.

ಜಡ್ಜು ಚೀಟಿಯ ಬಗ್ಗೆ ಕೇಳಿದರು. ಎದ್ದು ನಿಂತೆ. ಉತ್ತರ ಎರಡು ತಯಾರಿತ್ತು. ಜ್ವರ ಎಂದು ಬರೆದದ್ದು ನಾನು, ಅದು ಸುಳ್ಳು, ಅವಳಿಗೆ ಗೊತ್ತಿರಲಿಲ್ಲ ಅಂದೆ. ಅವಳ ಕೆಲಸ ಎಲ್ಲ ಅವಳೇ ಮಾಡಿಕೊಳ್ಳುತ್ತಾಳೆ, ನಾನು ಸುಮ್ಮನೆ ದಿನಾ ನೋಡುತ್ತೇನೆ, ಅಷ್ಟೇ. ಬೇರೆ ಇರಲು ನನ್ನ ಒಪ್ಪಿಗೆ ಇದೆ. ಕೊನೆಯ ವಾಕ್ಯ ಕೇಳಿಸಲಿಲ್ಲವಂತೆ, ಇನ್ನೊಮ್ಮೆ ಹೇಳಿಸಿದರು.

ಅವಳ ಅರ್ಜಿ ಒಪ್ಪಿ ಆರ್ಡರ್ ಆಯಿತು.

ಕಾರಿಡಾರಿನಲ್ಲಿ ಅವಳೇ ಹತ್ತಿರ ಬಂದಳು.

“ಅಪ್ಪ, ಎವ್ರಿ ಡೇ ನೋಡ್ತಿದ್ಯಾ?”

“ಹೂಂ. ಎಂಟು ನಲವತ್ತಕ್ಕೆ.”

“ಫೋನ್ ಯಾಕೆ ಮಾಡ್ಲಿಲ್ಲ?”

ಕೈಯಲ್ಲಿದ್ದ ಕೋರ್ಟಿನ ಕಾಗದ ಮಡಿಸಿದೆ, ಇನ್ನೊಮ್ಮೆ ಮಡಿಸಿದೆ. ಪ್ರತಿಭಾ ಕಾರು ತಂದರು, ಹೋದಳು.

ಮಾರ್ಚ್ 18. ಸೋಮವಾರ. 8.40

ವಿಯೆನ್ನಾ. ಪೋರ್ಟಲ್ ತೆಗೆದೆ. ಈ ಅಕೌಂಟಿನಲ್ಲಿ ಯಾವ ವಿದ್ಯಾರ್ಥಿಯೂ ಇಲ್ಲ ಎಂದು ಬಂತು. ಲಾಗ್ಔಟ್ ಮಾಡಿ ಮತ್ತೆ ತೆಗೆದೆ. ಇಲ್ಲ.

9.30

ಟ್ರೇನ್ ಹತ್ತಿಲ್ಲ. ಅಳು ಬಂತು, ಅತ್ತೆ. ಪಕ್ಕದ ಕಾರಿನವಳು ನೋಡಿದಳು. ನೋಡಲಿ.

11.50

ಅವಳ ಲಂಚ್ ಶುರು. ಸ್ಕೂಲಿನ ಟೈಮ್‌ಟೇಬಲ್ ಬಾಯಿಪಾಠ ಇದೆಯಲ್ಲ. ನಂಬರ್ ಒತ್ತಿದ್ದೇನೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು. ಪಾಟರಿ ಬಗ್ಗೆ ಕೇಳಬೇಕು. ಬೇಡ, ಮೊದಲು ಊಟ ಆಯ್ತಾ ಅನ್ನೋಣ. ಒಂದು ರಿಂಗ್. ಎರಡು. ಮೂರು. ನಾಲ್ಕು... ಎತ್ತಿದಳು—