ಬೆಲ್ಲವಿಲ್ಲದ ಬಾರ್ಬೆಕ್ಯೂ ಸಾಸು

ಸವಣೂರು,
ಸೋಮವಾರ, 12-8-2024

ಪ್ರೀತಿಯ ಮೊಮ್ಮಗಳು ಇರಮಳಿಗೆ ಅಜ್ಜಿಯ ಸಾವಿರ ದುವಾ.

ಹೇಗಿದ್ದೀಯಾ ಮಗಳೇ? ಅಂಗೈ ಸುಲಿದ ಜಾಗ ಮಾಗಿತೇ? ಭಾರ ಎತ್ತುವವರ ಕೈ ಹಾಗೇ ಇರುತ್ತದೆ ಎಂದು ನೀನು ಎಷ್ಟು ಹೇಳಿದರೂ ನನಗೆ ಸಮಾಧಾನವಿಲ್ಲ. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೋ. ಇಲ್ಲಿ ನಾವೆಲ್ಲ ಆರಾಮ. ನಿನ್ನ ಅವ್ವ ಗುಲ್ನಾಜಳ ಕೆಮ್ಮು ಹೆಚ್ಚುಕಡಿಮೆ ಹೋಗಿದೆ. ನನ್ನ ಮೊಣಕಾಲು ಮೋಡ ಕವಿದ ದಿನ ಮುನಿಸಿಕೊಳ್ಳುತ್ತದೆ, ಬಿಸಿಲು ಬಿದ್ದರೆ ರಾಜಿಯಾಗುತ್ತದೆ. ಮಾಸೂರಿನಿಂದ ಸಂತೆಗೆ ಬಂದವರ ಬಾಯಲ್ಲಿ ಮದಗದ ಕೆರೆ ತುಂಬಿದ್ದೇ ಮಾತು. ಪುಣೆಯಲ್ಲೂ ಮಳೆಯೇ ಎಂದು ಟಿ.ವಿ.ಯಲ್ಲಿ ಕೇಳಿದೆ. ಒದ್ದೆ ಬಟ್ಟೆಯಲ್ಲಿ ಕುಳಿತಿರಬೇಡ.

ನಿಮ್ಮ ವೇಟ್‌ಲಿಫ್ಟಿಂಗ್ ಕ್ಯಾಂಪಿನವರು ಫೋನು ತೆಗೆದಿಟ್ಟುಕೊಂಡು ಹದಿನೈದು ದಿನಕ್ಕೊಮ್ಮೆ ಭಾನುವಾರ ಕೊಡುವುದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಹೋದ ಸಲ ಆ ಸ್ವಲ್ಪ ಹೊತ್ತಿನಲ್ಲಿ ನೀನು ಅತ್ತುಬಿಟ್ಟೆ, ನನಗೆ ಹೇಳಬೇಕಾದ್ದನ್ನು ಹೇಳಲು ಆಗಲಿಲ್ಲ. "ಅಜ್ಜಿ, ಬೇಯಿಸಿದ ಕೋಳಿ ನೋಡಿದ್ರನ ಹೊಟ್ಟಿ ತೊಳಸಾಕತ್ತೈತಿ. ನನ್ನ ಕಡೆ ಆಗೂದಿಲ್ಲ, ಊರಿಗೆ ಬಂದುಬಿಡ್ತೇನಿ" ಎಂದೆ. ಊಟ ಬಿಟ್ಟು ನಿನ್ನ ತೂಕ ಇಳಿಯುತ್ತಿದೆ, ತೂಕದ ಜೊತೆ ಬಲವೂ ಇಳಿಯುತ್ತಿದೆ, ತಿಂಗಳ ಕೊನೆಯೊಳಗೆ ಸುಧಾರಿಸದಿದ್ದರೆ ವಾಪಸು ಕಳಿಸುತ್ತೇನೆಂದು ನಿಮ್ಮ ಕೋಚ್ ಮೇಡಂ ಹೇಳಿದ್ದಾರೆ ಎಂದೂ ಹೇಳಿದೆ. ಅವರು ಹಾಕಿಕೊಟ್ಟ ಆ ಪೇಲಿಯೊ ಊಟ ಏನೆಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಒಕ್ಕಲುತನ ಹುಟ್ಟುವ ಮೊದಲಿನ ಮನುಷ್ಯರಂತೆ ಉಣ್ಣಬೇಕಂತೆ. ರೊಟ್ಟಿ ಇಲ್ಲ, ಅನ್ನ ಇಲ್ಲ, ಬೇಳೆ ಇಲ್ಲ, ಶೇಂಗಾ ಇಲ್ಲ, ಹಾಲು ಮೊಸರಿಲ್ಲ, ಸಕ್ಕರೆ ಬೆಲ್ಲ ಮೊದಲೇ ಇಲ್ಲ. ತಿಳವಳ್ಳಿ ಶಾಲೆಯಲ್ಲಿ ಐದನೆಯ ತರಗತಿಗೆ ಎಷ್ಟೋ ವರ್ಷ ಶಿಲಾಯುಗದ ಪಾಠ ಹೇಳಿದವಳು ನಾನು. ಆ ಕಾಲದವರು ಏನು ತಿನ್ನುತ್ತಿದ್ದರೆಂದು ಪರೀಕ್ಷೆಯಲ್ಲಿ ಕೇಳಿದ್ದೇನೆ, ಆದರೆ ಅಂಥ ಅಡುಗೆ ಮಾಡುವ ಪ್ರಸಂಗ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಿನ್ನ ಮಾತಿನಲ್ಲಿ ಒಂದು ಎಳೆ ಸಿಕ್ಕಿತು. ಕೋಣೆಯ ಹುಡುಗಿಯರು ಅಂಗಡಿಯ ಬಾರ್ಬೆಕ್ಯೂ ಸಾಸು ಕದ್ದು ತಂದು ಸಿಕ್ಕಿಬಿದ್ದಾಗ ಕೋಚ್, "ಇದರಲ್ಲಿ ಸಕ್ಕರೆಯೂ ಮೆಕ್ಕೆಜೋಳದ ಹಿಟ್ಟೂ ಇವೆ. ಅವೆರಡೂ ಇಲ್ಲದ್ದನ್ನು ಮನೆಯಲ್ಲಿ ಮಾಡಿ ತಂದರೆ ನಾನೂ ತಿನ್ನುತ್ತೇನೆ" ಎಂದರಂತೆ. ಅವರು ನಗೆಗೆ ಹೇಳಿರಬಹುದು. ನಾನು ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡೆ.

ಆ ಸಾಸನ್ನು ನಾನು ಜನ್ಮದಲ್ಲಿ ನೆಕ್ಕಿದವಳಲ್ಲ. ಒಂದು ಬಾಟಲಿ ತರಿಸಿ ರುಚಿ ನೋಡಿದೆ. ಸಿಹಿ, ಹುಳಿ, ಖಾರ ಮೂರೂ ಇವೆ, ಹಿಂದಿನಿಂದ ಹೊಗೆಯ ವಾಸನೆ. ಇಷ್ಟೇನಾ ಎನಿಸಿತು. ಬೆಲ್ಲದ ಬದಲು ಖರ್ಜೂರ ನೆನೆಸಿ ಅರೆದೆ, ಟೊಮ್ಯಾಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಕುದಿಸಿದೆ, ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಆದದ್ದು ಹೋಳಿಗೆಯ ಹೂರಣ! ಮರುದಿನ ಹುಣಸೆಹಣ್ಣು ಸುರಿದೆ, ಹಲ್ಲು ಚುಳ್ ಎಂದವು. ಆಮೇಲೆ ಖರ್ಜೂರ ಕಡಿಮೆ ಮಾಡಿ, ಹುಣಸೆಯನ್ನು ಬೆರಳ ತುದಿಯಷ್ಟು ಇಟ್ಟು, ಸೇಬಿನ ವಿನೆಗರ್, ಕಾಳುಮೆಣಸು, ಸಾಸಿವೆ ಪುಡಿ, ಒಂದು ಚೂರು ಚಕ್ಕೆ ಸೇರಿಸಿದ ಮೇಲೆ ದಾರಿಗೆ ಬಂತು. ಪಕ್ಕದ ಮನೆಯ ಸರೋಜವ್ವನಿಗೆ ಸುಟ್ಟ ಬದನೆಕಾಯಿಯ ಜೊತೆ ಕೊಟ್ಟೆ. ಅವಳು ನಮ್ಮ ಮಾಂಸದ ಪಾತ್ರೆಗಳಿಂದ ದೂರ ಕುಳಿತೇ ತಿಂದು, "ಅಕ್ಕಾರ, ಭಾಳ ಚಲೋ ಆಗೇತ್ರಿ. ಇದಕ್ಕೊಂದು ಖಡಕ್ ರೊಟ್ಟಿ ಕೊಡ್ರಿ" ಎಂದಳು. ರೊಟ್ಟಿ ಬಿಡಿಸುವುದಕ್ಕೇ ಇಷ್ಟೆಲ್ಲ ನಡೆದಿದೆ ಎಂದು ಹೇಳಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆದರೆ ಹೊಗೆ? ಅದೇ ಸಿಗಲಿಲ್ಲ. ಬಟ್ಟಲಲ್ಲಿಟ್ಟ ಕೆಂಡದ ಮೇಲೆ ಎಣ್ಣೆ ಬಿಟ್ಟು, ಸಾಸಿನ ಪಾತ್ರೆಯೊಳಗಿಟ್ಟು ಮುಚ್ಚಿದೆ. ಅಡುಗೆಮನೆಯೆಲ್ಲ ಹೊಗೆ, ಸಾಸಿನಲ್ಲಿ ಮಾತ್ರ ಇಲ್ಲ. ಎರಡನೆಯ ಸಲ ಕೆಂಡವೇ ಒಳಗೆ ಉರುಳಿತು. ಗುಲ್ನಾಜ ಕಿಟಕಿ ತೆರೆಯುತ್ತಿದ್ದಾಗ ನಿನ್ನ ಅಪ್ಪ ಫಯಾಜ ಊಟಕ್ಕೆ ಬಂದ.

ಅವನ ವಿಷಯ ನಾನು ಫೋನಿನಲ್ಲಿ ಎತ್ತುವುದಿಲ್ಲ, ನೀನೂ ಕೇಳುವುದಿಲ್ಲ. ಶಿಗ್ಗಾಂವದ ಹೆದ್ದಾರಿ ಪಕ್ಕದ ತನ್ನ ಕಬಾಬ್ ಅಂಗಡಿಯಂಥದ್ದೇ ಇನ್ನೊಂದನ್ನು ಹಿರೇಕೆರೂರಿನಲ್ಲಿ ತೆರೆದು ನಿನ್ನ ಕೈಗೆ ಕೊಡಬೇಕೆಂದು ಅವನು ಎಷ್ಟು ಹುರುಪಿನಲ್ಲಿದ್ದ! ಅಲ್ಲಿ ಮಳಿಗೆ ಹಿಡಿದು, ನಿನ್ನ ಹೆಸರಿನ ಬೋರ್ಡು ಬರೆಸಿ ತಂದ ದಿನವೇ ನೀನು ಕ್ಯಾಂಪಿಗೆ ಆಯ್ಕೆಯಾದ ಸುದ್ದಿ ಹೇಳಿದೆ. "ಹೋಗಾಕಿ ಹೋಗಲಿ, ನನ್ನ ಕೇಳಬ್ಯಾಡ್ರಿ" ಎಂದವನು ನಿನ್ನನ್ನು ಬಸ್ಸಿಗೆ ಹತ್ತಿಸಲೂ ಬರಲಿಲ್ಲ. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಈಗ ಹೊಗೆಯ ನಡುವೆ ನಿಂತು ಪಾತ್ರೆಗೆ ಬೆರಳದ್ದಿ ನೆಕ್ಕಿದ. "ಅವ್ವಾ, ಇದು ಹೊಗಿ ಅಲ್ಲ, ಬೂದಿ" ಎಂದ. "ಹಂಗಾರ ನೀನ ಮಾಡಿ ತೋರಸು" ಎಂದೆ. ಯಾರಿಗೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೊಮ್ಯಾಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಗಡ್ಡೆಗಳನ್ನು ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೋದ. ಅಲ್ಲಿ ಸಿಗಡಿ ಒಲೆಯ ಜಾಲಿಮರದ ಇದ್ದಲಿನ ಮೇಲೆ, ಕಬಾಬಿನ ಕೊಬ್ಬು ತೊಟ್ಟಿಕ್ಕುವ ಜಾಗದಲ್ಲೇ ಅವುಗಳನ್ನು ಸುಟ್ಟು, ಸಿಪ್ಪೆ ಕಪ್ಪಾಗಿ ಸೀಳುವ ತನಕ ಬಿಟ್ಟು ತಂದ. ಸಿಪ್ಪೆ ಸುಲಿಯುವಾಗಲೇ ಮನೆಯೆಲ್ಲ ಘಮ್ಮೆಂದಿತು. ಹೊಗೆಯನ್ನು ಮೇಲಿಂದ ಹಾಕಬಾರದು ಇರಮ, ತರಕಾರಿಯ ಒಳಗಿಂದಲೇ ತರಬೇಕು.

ಅರೆದದ್ದನ್ನು ಒಲೆಗಿಟ್ಟು ಅವನೇ ಸೌಟು ಹಿಡಿದ. ಕುದಿ ಬಂದಾಗ ರೂಢಿಯ ಕೈ ಬೆಲ್ಲದ ಡಬ್ಬಿಗೆ ಹೋಯಿತು. ಮುಚ್ಚಳ ತೆರೆದವನು ತಾನೇ ನಿಂತುಬಿಟ್ಟ. "ಬ್ಯಾಡ, ಆಕಿಗೆ ನಡ್ಯೂದಿಲ್ಲ" ಎಂದು ಮುಚ್ಚಳ ಹಾಕಿದ.

ಇಷ್ಟು ತಿಂಗಳಲ್ಲಿ ನಿನ್ನ ಬಗ್ಗೆ ಅವನು ಆಡಿದ ಮೊದಲ ಮಾತು ಅದು. ಎದ್ದು ಹೊರಗೆ ಹೋಗುತ್ತಿದ್ದರೂ ಕಿವಿ ಒಳಗೇ ಇತ್ತೆಂದು ಆಗ ತಿಳಿಯಿತು. ಗುಲ್ನಾಜ ಸೆರಗಿನಿಂದ ಕಣ್ಣೊತ್ತಿಕೊಂಡಳು, ಕುದಿಯುವ ಮೆಣಸಿನಕಾಯಿಯ ಘಾಟಿನ ನೆಪವಿತ್ತು. ನಾನು ಏನೂ ಕೇಳಿಸದವಳಂತೆ ಉಪ್ಪು ಮುಂದಿಟ್ಟೆ. ಅವನು ತಲೆಯೆತ್ತದೆ, "ಹಿರೇಕೆರೂರಿನ ಅಂಗಡಿ ಸಂಜಯಗ ಬಿಟ್ಟುಕೊಟ್ಟೇನಿ. ಸುಮ್ನ ಬೀಗ ಹಾಕಿ ಯಾಕ ಇಡೂದು" ಎಂದ. ಸಂಜಯ ಅವನ ಹಳೆಯ ಗೆಳೆಯ, ಅಲ್ಲಿ ಎಗ್ ರೈಸ್ ಗಾಡಿ ಇಟ್ಟವನು, ನಿನಗೆ ಗೊತ್ತಲ್ಲ. ಈ ಮಾತನ್ನು ನಿನಗೆ ಮುಟ್ಟಿಸಲೆಂದೇ ನನ್ನೆದುರು ಆಡಿದನೆಂದು ನಾನು ತಿಳಿದಿದ್ದೇನೆ. ಇನ್ನು ಆ ಅಂಗಡಿಯ ಭಾರವನ್ನೂ ಕಬ್ಬಿಣದ ಜೊತೆ ಎತ್ತಬೇಡ.

ಸಾಸು ದಪ್ಪಗೆ, ಕೆಂಪು ಕಂದು ಬಣ್ಣಕ್ಕೆ ಬಂತು. ಕೋಳಿಯ ತುಂಡಿಗೆ ಸವರಿ ಸುಟ್ಟು ತಿಂದೆವು. ಬಾಟಲಿಯ ಸಾಸು ಇದರ ಮುಂದೆ ಏನೂ ಅಲ್ಲ, ಹೊಗಳಿಕೊಳ್ಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹಾಕಿದ ಪದಾರ್ಥಗಳನ್ನೆಲ್ಲ ಮೇಲೆ ಬರೆದಿದ್ದೇನೆ, ಕೋಚ್ ಮೇಡಂಗೆ ಓದಿ ಹೇಳು. ಅವರು ಒಪ್ಪಿಯೇ ಒಪ್ಪುತ್ತಾರೆ. ಬೇಯಿಸಿದ ಕೋಳಿಯನ್ನು ಹಾಗೇ ನುಂಗಬೇಡ. ಬಾಣಲೆಯಲ್ಲಿ ಒಂದಿಷ್ಟು ಕೆಂಪಗೆ ಮಾಡಿ, ಸಾಸು ಸವರಿ, ಬಿಸಿಯಿರುವಾಗಲೇ ತಿನ್ನು. ಉಳಿದ ಸಾಸನ್ನು ಫ್ರಿಜ್ಜಿನಲ್ಲಿಡು, ಕೆಡದಿರುವ ಔಷಧ ಅದರಲ್ಲಿಲ್ಲ. ಊರಿಗೆ ಬರುವ ಮನಸ್ಸಾದರೆ ಯಾವಾಗ ಬೇಕಾದರೂ ಬಾ, ಬಾಗಿಲು ನಿನ್ನದೇ. ಆದರೆ ಹಸಿದುಕೊಂಡು ಸೋತು ಬರಬೇಡ. ಹೊಟ್ಟೆ ತುಂಬಾ ಉಂಡು, ಭಾರ ಎತ್ತಿ ನೋಡಿ, ಆಮೇಲೆ ನಿರ್ಧಾರ ಮಾಡು. ನೀನು ಎತ್ತುತ್ತೀ. ನನಗೆ ಅನುಮಾನವಿಲ್ಲ.

ತಾನು ನಿನ್ನನ್ನು ಕೇಳಿದೆನೆಂದು ತಿಳಿಸಲು ಸರೋಜವ್ವ ಹೇಳಿದ್ದಾಳೆ. ನಿನ್ನ ಅವ್ವ ಹಣೆಗೆ ಮುತ್ತು ಕಳಿಸಿದ್ದಾಳೆ. ಅಲ್ಲಾಹ್ ನಿನ್ನ ತೋಳಿಗೂ ಮನಸ್ಸಿಗೂ ಬಲ ಕೊಡಲಿ.

ನಿನ್ನ ಅಜ್ಜಿ,
ಶಾಕೀರಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಗಾಜಿನ ಸೀಸೆಯನ್ನು ಅಂಚೆಗೆ ಹಾಕಲು ಫಯಾಜ ಒಪ್ಪಲಿಲ್ಲ. ಶನಿವಾರ ಹೊಸದಾಗಿ ಮಾಡಿ, ರಾತ್ರಿ ಬಸ್ಸಿಗೆ ತಾನೇ ತರುತ್ತಾನೆ, ಭಾನುವಾರ ಬೆಳಿಗ್ಗೆ ಅಲ್ಲಿರುತ್ತಾನೆ. ಕಬಾಬಿನ ಸಲಾಕೆ ಕೊಳ್ಳಲು ಪುಣೆಗೆ ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ಸಲಾಕೆ ಹುಬ್ಬಳ್ಳಿಯಲ್ಲೇ ಸಿಗುತ್ತವೆ. ನಾನು ತಿಳಿಸಿದೆನೆಂದು ಬಾಯಿಬಿಡಬೇಡ. ಸೀಸೆಯನ್ನು ಕಾವಲುಗಾರನ ಕೈಗೆ ಕೊಟ್ಟು, ನಿನ್ನನ್ನು ನೋಡದೆ ಹಿಂದಿರುಗಿಬಿಡುವ ಮನುಷ್ಯ ಅವನು. ನೀನು ಮುಂಚೆಯೇ ಗೇಟಿಗೆ ಬಂದು ನಿಂತಿರು. ಮೊದಲ ಮಾತು ಅವನಿಂದ ಹೊರಡುವುದಿಲ್ಲ ಮಗಳೇ, ಅಪ್ಪಾ ಅಂತ ನೀನೇ ಕರೆ.