ಅತ್ತೆ ಬರೆದಿಟ್ಟ ದಾರಿಗಳು

ವಿಜಯಪುರ
ಶನಿವಾರ, ೧೩ ಸೆಪ್ಟೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ವಿಶಾಖಾಳ ಜೈಭೀಮ.

ಮೊಣಕಾಲು ಹೇಗಿದೆ? ಸಾಂಗ್ಲಿಯ ಡಾಕ್ಟರು ಕೊಟ್ಟ ಎಣ್ಣೆಯನ್ನು ದಿನಾ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಮೊಮ್ಮಗಳ ಕೈಕಾಲು ತಿಕ್ಕುವುದರಲ್ಲೇ ದಿನ ಕಳೆಯುತ್ತಿದ್ದೀರೋ? ಆಮ್ರಪಾಲಿ ಮತ್ತೆ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಾಳಂತೆ. ಬಾಣಂತನ ಮುಗಿಸಿದ ಮೇಲೂ ಮಗಳು ನಿಮ್ಮನ್ನು ಬಿಡುತ್ತಿಲ್ಲ ಎಂದರೆ ನನಗೆ ಆಶ್ಚರ್ಯವೇನಿಲ್ಲ. ಇಲ್ಲಿ ನಾವಿಬ್ಬರೂ ಆರಾಮ. ನಿಮ್ಮ ಮಗ ಧರ್ಮರಾಜರು ರೊಟ್ಟಿ ಬಡಿಯಲು ಕಲಿತಿದ್ದಾರೆ, ಮೂರರಲ್ಲಿ ಒಂದು ಹರಿಯುತ್ತದೆ, ಹರಿದದ್ದನ್ನು ಸದ್ದಿಲ್ಲದೆ ತಾವೇ ತಿಂದುಬಿಡುತ್ತಾರೆ. ಈ ಸುದ್ದಿಯನ್ನೆಲ್ಲ ಮೊನ್ನೆ ಫೋನಿನಲ್ಲೇ ಹೇಳಬೇಕೆಂದು ಹೊರಟೆ. ನಿಮಗೆ ಅರ್ಧ ಮಾತೂ ಕೇಳಿಸಲಿಲ್ಲ, “ಹಾಂ, ಊಟ ಆತು” ಎಂದು ಇಟ್ಟುಬಿಟ್ಟಿರಿ. ಕಾಗದವಾದರೆ ಎರಡು ಸಲ ಓದಬಹುದು ಎಂದು ನೀವೇ ಹೇಳುತ್ತೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಕಬ್ಬಿಣದ ಟ್ರಂಕಿನ ಬೀಗ ಒಡೆಸಿದ್ದೇನೆ. ಕೇಳಿಯೇ ತೆಗೆಯಬೇಕಿತ್ತು, ಆದರೆ ಅವತ್ತು ನಾನು ಇದ್ದ ಸ್ಥಿತಿಯಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಯಾಕೆ, ಏನು ಎಂದು ಪೂರ್ತಿ ಓದಿದ ಮೇಲೆ ಬೈಯಿರಿ.

ನಮ್ಮ ಆಫೀಸು ನಿಮಗೆ ಗೊತ್ತಿದೆ, ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜಿನ ಮೇಲಿನ ಎರಡು ಕೋಣೆ. ಜುಲೈ ತಿಂಗಳಲ್ಲಿ ತಿಕೋಟಾದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಡಾಕ್ಟರ್ ಮೇಡಂ ನಮ್ಮ ಮಾಲೀಕ ಹೇಮಂತ ಸರ್ ಅವರನ್ನು ಹುಡುಕಿಕೊಂಡು ಬಂದರು. ಹಳ್ಳಿಗಳಿಂದ ಬಸುರಿಯರನ್ನು ತಪಾಸಣೆಗೆ ಕರೆತರಲು, ನೋವು ಬಂದಾಗ ತುರ್ತಾಗಿ ಕರೆತರಲು ಅವರದೊಂದು ಗಾಡಿ ಇದೆ. ಹಳೆಯ ಡ್ರೈವರ್ ಕೆಲಸ ಬಿಟ್ಟ ಮೇಲೆ ಸುಫಿಯಾನ ಎಂಬ ಹೊಸಬ ಸೇರಿದ್ದಾನೆ. ಹುಟ್ಟಿ ಬೆಳೆದದ್ದೆಲ್ಲ ವಿಜಯಪುರದ ಪೇಟೆಯೊಳಗೆ, ಹೊಲದ ನಡುವಿನ ತೋಟದ ವಸ್ತಿಗಳ ಕಡೆ ಯಾವತ್ತೂ ಕಾಲಿಟ್ಟವನಲ್ಲ. ಅವನು ಫೋನಿನಲ್ಲಿ ತೆರೆದರೆ ನಕಾಶೆ ಕಾಣಬೇಕು, ನಕಾಶೆಯ ಮೇಲೆ ಒಬ್ಬೊಬ್ಬ ಬಸುರಿಯ ಮನೆಗೂ ಒಂದು ಚುಕ್ಕೆ ಇರಬೇಕು, ಚುಕ್ಕೆ ಮುಟ್ಟಿದರೆ ಹೆಸರು, ತಿಂಗಳು, ಫೋನ್ ನಂಬರು ಬರಬೇಕು. ಮೇಡಂ ಕೇಳಿದ್ದು ಇಷ್ಟೇ. ಹೇಮಂತ ಸರ್ ಕೆಲಸವನ್ನು ನನಗೆ ಒಪ್ಪಿಸಿದರು.

ನಾನು ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಏನು ಮಾಡುತ್ತೇನೆಂದು ನೀವು ಒಮ್ಮೆ ಕೇಳಿದ್ದಿರಿ, ನಾನು ನಕ್ಕು ಮಾತು ತೇಲಿಸಿದ್ದೆ. ಈಗ ಹೇಳುತ್ತೇನೆ. ಬೆರಳಿನಿಂದ ಸರಿಸಿ ನೋಡುವ ನಕಾಶೆ ಬೇರೆ ಕಡೆಯಿಂದ ಸಿದ್ಧವಾಗಿಯೇ ಬರುತ್ತದೆ. ಅದರ ಮೇಲೆ ಚುಕ್ಕೆ ಎಲ್ಲಿ ಬೀಳಬೇಕು, ಯಾರಿಗೆ ಕಾಣಬೇಕು ಎನ್ನುವುದನ್ನು ಸರ್ವರಿಗೆ ಹೇಳಿಕೊಡುವುದು ನನ್ನ ಕೆಲಸ. ಸರ್ವರ್ ಎಂದರೆ ದೂರದಲ್ಲಿ ಎಲ್ಲೋ ಹಗಲಿರುಳು ಚಾಲೂ ಇರುವ ಒಂದು ಕಂಪ್ಯೂಟರು. ಸುಫಿಯಾನ ಪುಟ ತೆರೆದ ಕೂಡಲೇ ಅದು ಆಸ್ಪತ್ರೆಯ ಪಟ್ಟಿ ಓದಿ, ಪುಟ ತಯಾರಿಸಿ ಅವನ ಫೋನಿಗೆ ಕಳಿಸುತ್ತದೆ. ಮೊದಲ ಸಲ ನಾನು ಅವಸರದಲ್ಲಿ ಇಡೀ ಪಟ್ಟಿಯನ್ನೇ ಪುಟದೊಳಗೆ ತುಂಬಿಬಿಟ್ಟಿದ್ದೆ. ಸ್ವಲ್ಪ ತಿಳಿದವರು ಯಾರು ಬೇಕಾದರೂ ತೆರೆದು ಎಲ್ಲರ ಹೆಸರು ಓದಬಹುದಿತ್ತು. ಆಗ ನೀವು ಹೇಳುತ್ತಿದ್ದ ಮಾತು ಕಿವಿಯಲ್ಲಿ ಕೇಳಿದ ಹಾಗಾಯಿತು: “ಯಾರ ಹೊಟ್ಟ್ಯಾಗ ಏನೈತಿ ಅನ್ನೂದು ಅಕೀ ಬಾಯಿಂದ ಬರಬೇಕು, ನಮ್ಮ ಬಾಯಿಂದ ಅಲ್ಲ.” ಕೂತು ಎಲ್ಲ ಬದಲಿಸಿದೆ. ಈಗ ಪಟ್ಟಿ ಸರ್ವರಿನಲ್ಲೇ ಉಳಿಯುತ್ತದೆ. ಡ್ರೈವರ್ ತನ್ನ ಗುಪ್ತ ಸಂಖ್ಯೆ ಒತ್ತಿದರೆ, ಅವತ್ತು ಅವನು ಯಾರ ಮನೆಗೆ ಹೋಗಬೇಕೋ ಅವರದಷ್ಟೇ ಹೊರಗೆ ಬರುತ್ತದೆ. ಆಶಾ ಕಾರ್ಯಕರ್ತೆಯಾಗಿ ಹದಿನಾರು ವರ್ಷ ನೀವು ಬಾಯಿ ಬಿಗಿಹಿಡಿದು ಮಾಡಿದ್ದನ್ನು ಒಂದು ಯಂತ್ರಕ್ಕೆ ಕಲಿಸಲು ನನಗೆ ಒಂದು ವಾರ ಹಿಡಿಯಿತು.

ಆಗಸ್ಟ್ ಎಂಟರಂದು ಮೊದಲ ಪರೀಕ್ಷೆ. ಅವತ್ತಿನ ಪಟ್ಟಿಯಲ್ಲಿದ್ದವರೆಲ್ಲ ನಮ್ಮೂರು ಕಳ್ಳಕವಟಗಿಯವರೇ. ಹನ್ನೊಂದು ಗಂಟೆಗೆ ಸುಫಿಯಾನನ ಫೋನು ಬಂತು. “ಅಕ್ಕಾರ, ಹನ್ನೊಂದು ಮಂದಿ ಬಸರಿ ಹೆಣ್ಮಕ್ಕಳು ಬಸ್‌ಸ್ಟ್ಯಾಂಡಿನ ಒಂದ ಕಲ್ಲಿನ ಮ್ಯಾಲ ಕುಂತಾರಂತ ತೋರಸಾಕತ್ತೈತಿ ನಿಮ್ಮ ನಕಾಶಿ. ಇಲ್ಲಿ ನೋಡಿದ್ರ ಎರಡ ಆಡು ನಿಂತಾವು!” ಅವನು ನಗುತ್ತಿದ್ದ, ನನಗೆ ಅಳು ಬಂದಿತ್ತು. ಆದದ್ದೇನೆಂದರೆ, ಆಸ್ಪತ್ರೆಯ ಪಟ್ಟಿಯಲ್ಲಿ ಎಲ್ಲರ ವಿಳಾಸವೂ ‘ತೋಟದ ವಸ್ತಿ, ಕಳ್ಳಕವಟಗಿ’ ಎಂದೇ ಇತ್ತು. ಯಾವ ತೋಟ, ಯಾವ ವಸ್ತಿ ಎಂದು ನಕಾಶೆಗೆ ಹೇಗೆ ಗೊತ್ತಾಗಬೇಕು? ಊರಿನ ಹೆಸರು ಹುಡುಕಿ, ಊರ ನಡುವೆ ಹನ್ನೊಂದನ್ನೂ ಒಂದರ ಮೇಲೊಂದು ಇಟ್ಟಿತ್ತು. ಹೇಮಂತ ಸರ್ ಒಳ್ಳೆಯವರೇ, ಆದರೆ ಅವತ್ತು, “ಊರತನಕ ಮುಟ್ಟಸ್ತದಲ್ಲ ವಿಶಾಖಾ, ಅಲ್ಲಿಂದ ಮುಂದ ಅಂವ ಕೇಳ್ಕೊಂತ ಹೋಗ್ತಾನ, ಸೋಮವಾರ ಕೊಟ್ಟಬಿಡ್ರಿ” ಎಂದರು. ಕೇಳುತ್ತಾ ಹೋಗಲು ಹೊಲದ ದಾರಿಯಲ್ಲಿ ಮಳೆ ಬರುವಾಗ ಯಾರು ನಿಂತಿರುತ್ತಾರೆ ಅತ್ತೆ?

ಮನೆಗೆ ಬಂದು ಚಹಾ ಸೋಸುವಾಗ, ಆಶಾ ಕೆಲಸಕ್ಕೆ ತಿರುಗುವಾಗ ನೀವು ಬರೆದಿಟ್ಟ ನೋಟ್‌ಬುಕ್ಕುಗಳ, ನಿಮ್ಮ ಆ ವಹಿಗಳ ನೆನಪಾಯಿತು. ನೆನಪಿನ ಹಿಂದೆಯೇ ನಾಚಿಕೆಯೂ ಬಂತು. ಹೋದ ವರ್ಷ ಕಳ್ಳಕವಟಗಿಯಿಂದ ಸಾಮಾನು ತರುವಾಗ ಆ ಹದಿನಾಲ್ಕು ವಹಿಗಳನ್ನು ರದ್ದಿಗೆಂದು ಹಗ್ಗ ಬಿಗಿದಿಟ್ಟವಳು ನಾನೇ. ನೀವು ಹಗ್ಗ ಬಿಚ್ಚಿ ಒಂದೊಂದನ್ನೇ ಸೆರಗಿನಿಂದ ಒರೆಸಿ ಟ್ರಂಕಿಗೆ ಹಾಕಿ ಬೀಗ ಜಡಿದಿರಿ. ನೀವು ಬೈದಿದ್ದರೆ ನಾನು ಅವತ್ತೇ ಮರೆತುಬಿಡುತ್ತಿದ್ದೆನೇನೋ. ಬೀಗ ಒಡೆಸಿ ನೋಡಿದರೆ ಪುಟಪುಟಕ್ಕೂ ದಾರಿ. ಲಸಿಕೆ ಹಾಕಲು, ಪೋಲಿಯೋ ಹನಿ ಹಾಕಲು ಹೋದಾಗಲೆಲ್ಲ ನೀವು ಬರೆದ ಗೆರೆಗಳು. ‘ದ್ರಾಕ್ಷಿ ತೋಟ ದಾಟಿ ಜೋಡಿ ಬೇವು, ಎಡಕ್ಕೆ.’ ‘ನಾಯಿ ಕಚ್ಚುತ್ತದೆ, ದೂರದಿಂದ ಕರೆ.’ ಕೆಂಪು ಪೆನ್ಸಿಲಿನಲ್ಲಿ, ‘ಮಳೆಗಾಲದಾಗ ಈ ದಾರಿ ಬ್ಯಾಡ, ಎರಿ ಮಣ್ಣು, ಕಾಲುವೆ ಏರಿ ಹಿಡಿ.’ ಕೆಲವು ಮನೆಗಳ ಪಕ್ಕ ಪುಟ್ಟ ತಂಬಿಗೆಯ ಚಿತ್ರ. ಅಲ್ಲಿ ಬೋರ್‌ವೆಲ್ ಇರಬೇಕು ಎಂದುಕೊಂಡೆ.

ಮರುದಿನ ಎರಡನೇ ಶನಿವಾರ, ನಿಮ್ಮ ಮಗನಿಗೆ ರಜೆ. ಬೈಕಿನ ಹಿಂದೆ ವಹಿ ಹಿಡಿದು ಕೂತೆ. ಶನಿವಾರ, ಭಾನುವಾರ ಎರಡೂ ದಿನ ನಿಮ್ಮ ಗೆರೆ ಹಿಡಿದು ವಸ್ತಿಯಿಂದ ವಸ್ತಿಗೆ ಹೋದೆವು. ಪ್ರತಿ ಅಂಗಳದಲ್ಲಿ ನಿಂತು ಫೋನಿನಲ್ಲಿ ಆ ಜಾಗದ ಗುರುತು ತೆಗೆದುಕೊಂಡೆ. ಆ ಗುರುತು ಸರ್ವರಿನ ಪಟ್ಟಿಗೆ ಸೇರಿದರೆ ಚುಕ್ಕೆ ಸರಿಯಾಗಿ ಆ ಮನೆಯ ಮೇಲೇ ಬೀಳುತ್ತದೆ. ನಾನು ಯಾರೆಂದು ಎಲ್ಲಿಯೂ ಹೇಳಿಕೊಳ್ಳಬೇಕಾಗಲಿಲ್ಲ, ಗಾಡಿಯ ಮೇಲೆ ನಿಮ್ಮ ಮಗನ ಮುಖ ನೋಡಿಯೇ, “ಪರಸವ್ವಕ್ಕನ ಸೊಸಿ ಏನಬೇ ನೀ?” ಎಂದು ಕೇಳುತ್ತಿದ್ದರು.

ಒಂದು ವಸ್ತಿಯಲ್ಲಿ ಮಾತ್ರ, ಬಿಸಿಲಿಗೆ ಗಂಟಲು ಒಣಗಿ ನೀರು ಕೇಳಿದೆ. ಆ ಮನೆಯ ಹೆಂಗಸು ಒಳಗಿನಿಂದ ಚೊಂಬು ತಂದಳು, ಆದರೆ ಕೈಗೆ ಕೊಡಲಿಲ್ಲ, ಮೇಲಿನಿಂದ ಬೊಗಸೆಗೆ ಹೊಯ್ದಳು. ಪೇಟೆಯಲ್ಲಿ ಬೆಳೆದ ನನಗೆ ಕ್ಷಣ ಹೊತ್ತು ಅರ್ಥವೇ ಆಗಲಿಲ್ಲ. ನಿಮ್ಮ ಮಗ ನೆಲ ನೋಡುತ್ತಾ ನಿಂತಿದ್ದರು. ಅಲ್ಲಿಂದ ಮುಂದಿನದು ಹನಮವ್ವನ ವಸ್ತಿ. ಆ ಮುದುಕಿ ಕೇಳುವ ಮೊದಲೇ ತಾಮ್ರದ ತಂಬಿಗೆ ಕೈಗಿಟ್ಟು, “ಒಳಗ ಬಾರಬೇ, ನಿಮ್ಮತ್ತಿ ಇಲ್ಲೇ ಕುಂದ್ರತಿದ್ಲು” ಎಂದು ತನ್ನ ಹಾಸಿಗೆಯ ಪಕ್ಕದಲ್ಲೇ ಕೂರಿಸಿದಳು. ಕೂತು ವಹಿ ತೆರೆದರೆ ಅವಳ ಮನೆಯ ಪಕ್ಕ ತಂಬಿಗೆಯ ಚಿತ್ರವಿತ್ತು, ಹಿಂದಿನ ಮನೆಯ ಪಕ್ಕ ಇರಲಿಲ್ಲ. ಅದು ಬೋರ್‌ವೆಲ್ಲಿನ ಗುರುತಲ್ಲವೆಂದು ಆಗ ತಿಳಿಯಿತು. ಹದಿನಾರು ವರ್ಷ ತಂಬಿಗೆ ಇಲ್ಲದ ಮನೆಗಳಿಗೂ ನೀವು ತಪ್ಪದೆ ಹೋದಿರಿ, ಅವರ ಮಕ್ಕಳಿಗೂ ಅಷ್ಟೇ ಅಕ್ಕರೆಯಿಂದ ಹನಿ ಹಾಕಿದಿರಿ. ಮನೆಯಲ್ಲಿ ಒಂದು ದಿನವೂ ಈ ಮಾತು ತೆಗೆಯಲಿಲ್ಲ. ನಾನು ಹನಮವ್ವನ ಮುಂದೆ ಅತ್ತುಬಿಟ್ಟೆ. ಅವಳು ಬಿಸಿಲಿಗೆ ಸೋತಿದ್ದೇನೆ ಎಂದುಕೊಂಡು ಬೆಲ್ಲ ತಂದುಕೊಟ್ಟಳು. ಅವಳ ಸೊಸೆ ಕಸ್ತೂರಿಗೆ ಆಗ ಎಂಟನೇ ತಿಂಗಳು. ಚುಕ್ಕೆ ಎಲ್ಲಿ ಬರುತ್ತದೆ ತೋರಿಸು ಎಂದು ನನ್ನ ಫೋನಿಗೆ ಬಗ್ಗಿ ನೋಡಿ, ತನ್ನ ಮನೆ ಕಂಡು ನಕ್ಕಳು.

ಸೋಮವಾರ ಹೇಮಂತ ಸರ್ ಮುಂದೆ ವಹಿ ಇಟ್ಟು, ಇನ್ನೊಂದು ವಾರ ಬೇಕೆಂದೆ. ಅವರು ನಾಲ್ಕು ಪುಟ ತಿರುವಿದರು, ಆಸ್ಪತ್ರೆಗೆ ಫೋನು ಹಚ್ಚಿ ವಾಯಿದೆ ಕೇಳಿದರು. ಆ ವಾರದಲ್ಲಿ ನಾನು ಮಾಡಿದ್ದು ಇಷ್ಟು: ಪ್ರತಿ ಮನೆಗೆ ಬಿಸಿಲುಗಾಲದ ದಾರಿ ಒಂದು, ಮಳೆಗಾಲದ ದಾರಿ ಒಂದು ಗೆರೆ ಎಳೆದೆ. ನಕಾಶೆಯ ಕೆಳಗೆ ನಿಮ್ಮ ಮಾತುಗಳನ್ನು ನೀವು ಬರೆದ ಹಾಗೆಯೇ ಅಕ್ಷರದಲ್ಲಿ ಇಟ್ಟೆ. ಸರ್ವರ್ ಪುಟ ಕಳಿಸುವಾಗಲೇ ಅವೂ ಪುಟದೊಳಗೆ ಸೇರಿ ಬರುತ್ತವೆ. ಅಷ್ಟೊಂದು ಬರಹ ಯಾರು ಓದುತ್ತಾರೆ ಎಂದು ಸರ್ ಗೊಣಗಿದರು. ಇರಲಿ ಎಂದೆ.

ಈ ತಿಂಗಳ ಮೂರನೇ ತಾರೀಖು, ಬುಧವಾರ. ಮಧ್ಯಾಹ್ನದಿಂದ ಮಳೆ. ಆಫೀಸಿನ ಕೆಳಗೆ ಗ್ಯಾರೇಜಿನ ಅಂಗಳದಲ್ಲಿ ನೀರು ನಿಂತಿತ್ತು. ಪುಟವನ್ನು ಯಾರು ಯಾವಾಗ ತೆರೆದರು ಎನ್ನುವುದು ನನ್ನ ಕಂಪ್ಯೂಟರಿನಲ್ಲಿ ಸಾಲುಸಾಲಾಗಿ ಬರುತ್ತದೆ. ಮೂರು ಗಂಟೆ ನಲವತ್ತು ನಿಮಿಷಕ್ಕೆ ಒಂದು ಸಾಲು ಬಂತು: ಸುಫಿಯಾನ ಕಸ್ತೂರಿಯ ಚುಕ್ಕೆ ಮುಟ್ಟಿದ್ದ. ಅವಳಿಗೆ ಇನ್ನೂ ಮೂರು ವಾರವಿತ್ತು. ಅದಾದ ಮೇಲೆ ಒಂದೂ ಸಾಲಿಲ್ಲ. ಫೋನು ಮಾಡಿದರೆ ಸಿಗುತ್ತಿಲ್ಲ. ನಾನು ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಹೇಮಂತ ಸರ್ ತಮ್ಮ ಕುರ್ಚಿ ತಂದು ನನ್ನ ಪಕ್ಕ ಹಾಕಿಕೊಂಡು ಕೂತರು. ಐದೂಮುಕ್ಕಾಲರವರೆಗೆ ನಾವಿಬ್ಬರೂ ಆ ಒಂದು ಸಾಲನ್ನೇ ನೋಡುತ್ತಿದ್ದೆವು.

ಆಮೇಲೆ ಸುಫಿಯಾನನೇ ಫೋನು ಮಾಡಿದ. ಊರು ದಾಟಿದ ಮೇಲೆ ನೆಟ್‌ವರ್ಕ್ ಹೋಗಿ ನಕಾಶೆ ಬರೀ ಬೂದಿ ಬಣ್ಣವಾಯಿತಂತೆ. “ನಕಾಶಿ ಸತ್ತತ್ರಿ ಅಕ್ಕಾರ, ಆದ್ರ ಕೆಳಗ ಬರದದ್ದು ಉಳದಿತ್ತು. ಕಾಲುವೆ ಏರಿ ಹಿಡಿ, ಮೂರನೇ ಪೂಲು ದಾಟು, ನೀಲಿ ತಗಡಿನ ಶೆಡ್ಡು, ಅಲ್ಲಿಂದ ಕೂಗಿದರೆ ಕೇಳಿಸುತ್ತದೆ ಅಂತಿತ್ತು. ನಾ ಕೂಗಿದ್ನಿ ನೋಡ್ರಿ, ಎದಿ ಒಡಿಯೂಹಂಗ ಕೂಗಿದ್ನಿ. ಆ ಕಡಿಂದ ಮುದುಕಿ ಓ ಅಂದ್ಲು.” ಗಾಡಿ ಶೆಡ್ಡಿನಿಂದ ಮುಂದೆ ಹೋಗುವ ಹಾಗಿರಲಿಲ್ಲ. ಕಸ್ತೂರಿಯನ್ನು ಹೊರಸಿನ ಮೇಲೆ ಮಲಗಿಸಿ ಅವಳ ಗಂಡ, ಮೈದುನ, ಸುಫಿಯಾನ ಮತ್ತು ಗಾಡಿಯ ಜೊತೆ ಹೋಗಿದ್ದ ನರ್ಸ್ ನಜಮಾ ನಾಲ್ವರೂ ಹೊತ್ತು ಏರಿಯ ಮೇಲೆ ನಿಂತಿದ್ದ ಗಾಡಿಗೆ ತಂದರಂತೆ. ಆಸ್ಪತ್ರೆ ಮುಟ್ಟಿದ ಹತ್ತೇ ನಿಮಿಷಕ್ಕೆ ಹೆಣ್ಣುಕೂಸು. ತಾಯಿಗೆ ರಕ್ತ ಬಹಳ ಹೋಗಿತ್ತು, ಎರಡು ದಿನ ಮೇಡಂ ಖಚಿತವಾಗಿ ಏನೂ ಹೇಳಲಿಲ್ಲ. ಮೂರನೇ ದಿನ ಅವರೇ ಫೋನು ಮಾಡಿ, ತಾಯಿ ಎದ್ದು ಕೂತು ಗಂಜಿ ಕುಡಿದಳು ಎಂದರು. ಎರಿ ಮಣ್ಣಿನ ಆ ಕಪ್ಪು ದಾರಿಗೆ ಇಳಿದಿದ್ದರೆ ಗಾಡಿ ಅಲ್ಲೇ ಹೂತು ನಿಲ್ಲುತ್ತಿತ್ತು, ಆಮೇಲೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದೂ ಹೇಳಿದರು.

ಎಲ್ಲರೂ ನನ್ನನ್ನು ಹೊಗಳಿದರು. ಹೇಮಂತ ಸರ್ ಆಫೀಸಿಗೆಲ್ಲ ಪೇಡೆ ಹಂಚಿದರು. ಹನಮವ್ವ ಮಾತ್ರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ಪರಸವ್ವಗ ಹೇಳು ಯವ್ವಾ, ಅಕೀ ಬರದದ್ದು ನಮ್ಮನಿ ಉಳಿಸ್ತು” ಎಂದಳು. ಹೊಗಳಿಕೆ ಯಾರಿಗೆ ಸಲ್ಲಬೇಕೋ ಅವರಿಗೇ ಅವಳು ಸಲ್ಲಿಸಿದಳು. ಅದನ್ನು ಮುಟ್ಟಿಸಲು ನನಗೆ ಒಂದು ವಾರ ಹಿಡಿಯಿತು. ಕಲಿಸಿದ್ದಕ್ಕೆ, ಬರೆದಿಟ್ಟಿದ್ದಕ್ಕೆ, ರದ್ದಿಯ ಹಗ್ಗ ಬಿಚ್ಚಿದ್ದಕ್ಕೆ, ಅವತ್ತು ನನ್ನನ್ನು ಬೈಯದೆ ಇದ್ದುದಕ್ಕೆ ನಿಮ್ಮ ಕಾಲು ಮುಟ್ಟಿ ನಮಸ್ಕರಿಸುತ್ತೇನೆ ಅತ್ತೆ.

ಆಮ್ರಪಾಲಿಗೂ ಅವಳ ಮನೆಯವರಿಗೂ ನಮ್ಮ ಜೈಭೀಮ ತಿಳಿಸಿ. ಕೂಸಿಗೆ ನನ್ನ ಪರವಾಗಿ ಎರಡು ಮುತ್ತು, ಅದರ ಅಪ್ಪ ಹೆಸರಿಡುವುದರಲ್ಲಿ ಇನ್ನೂ ತಡ ಮಾಡಿದರೆ ನಾನೇ ಬಂದು ಇಡುತ್ತೇನೆಂದು ಹೇಳಿ. ನಿಮ್ಮ ಹರಕೆ ನಮ್ಮ ಮೇಲಿರಲಿ.

ನಿಮ್ಮ ಸೊಸೆ,
ವಿಶಾಖಾ

ತಾ.ಕ.: ಟಪಾಲು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆಸ್ಪತ್ರೆಯವರು ಈಗ ನಿಡೋಣಿ ಮತ್ತು ಬಬಲೇಶ್ವರದ ಕಡೆಯ ಇನ್ನೂ ಎಂಟು ಊರುಗಳಿಗೆ ಗಾಡಿ ಓಡಿಸುತ್ತಾರೆ. ಅಲ್ಲಿಯ ವಸ್ತಿಗಳ ದಾರಿ ಬರೆದವರು ಯಾರೂ ಇಲ್ಲ. ಗಾಡಿಯಲ್ಲೇ ಕೂತು ಹೋಗಿ, ಅಲ್ಲಿನ ಹೆಣ್ಣುಮಕ್ಕಳನ್ನು ಮಾತಾಡಿಸಿ ಬರೆದುಕೊಡಲು ಮೇಡಂ ನಿಮ್ಮನ್ನು ಕೇಳುತ್ತಿದ್ದಾರೆ, ಸಂಬಳದ ಕೆಲಸ, ನಡೆಯುವುದು ಕಡಿಮೆ. ನಿಮ್ಮ ಮಗ, “ಅವ್ವ ಸಾಕಷ್ಟು ತಿರಗ್ಯಾಳ, ಇನ್ನ ಕುಂದರ್ಲಿ” ಎಂದು ನಿಮ್ಮ ಪರವಾಗಿ ಮನೆಯಲ್ಲೇ ಬೇಡವೆಂದುಬಿಟ್ಟರು. ನಾನು ಮೇಡಂಗೆ ಇನ್ನೂ ಏನೂ ಹೇಳಿಲ್ಲ, ನಿಮ್ಮನ್ನು ಯಾರೂ ಕೇಳಿಲ್ಲವಲ್ಲ. ನನ್ನ ಮುಖ ನೋಡಿ ಒಪ್ಪಬೇಡಿ, ಮನಸ್ಸಿದ್ದರೆ ಮಾತ್ರ. ಇಪ್ಪತ್ತೈದನೇ ತಾರೀಖಿನೊಳಗೆ ಒಂದು ಸಾಲು ನನ್ನ ಆಫೀಸಿನ ವಿಳಾಸಕ್ಕೆ ಬರೆಯಿರಿ. ಹೂಂ ಅಂದರೆ ನಿಮ್ಮ ಮಗನ ಜೊತೆಗಿನ ಜಗಳ ನನಗೆ ಬಿಡಿ.